ಷರೀಫಜ್ಜನ ಪದಕ್ಕೆ ರಾಕ್ ಗಿಟಾರ್

ಬೆಂಗಳೂರಿನ ಜಯನಗರ, ಬನಶಂಕರಿಯ ಎಷ್ಟೋ ಮನೆಗಳಲ್ಲಿ ಸಂತಕವಿ ಶಿಶುನಾಳ ಷರೀಫರ ತತ್ವಪದಗಳೆಂದರೆ ಗಾಯಕ ಸಿ. ಅಶ್ವತ್ಥರ ಕಂಠ. 2008ರಲ್ಲಿ ರಘು ದೀಕ್ಷಿತ್ ತಂಡದ ಮೊದಲ ಆಲ್ಬಂ 'ಅಂತರಾಗ್ನಿ' ಬಂತು. ಅದೇ ತತ್ವಪದಗಳಿಗೆ ಗಿಟಾರ್, ಡ್ರಮ್ಸ್, ಪಿಟೀಲು! ಹಳೆಯ ಕೇಳುಗರಲ್ಲಿ ಕೆಲವರಿಗೆ ಕಸಿವಿಸಿ: ಷರೀಫಜ್ಜನಿಗೆ ಇಷ್ಟೊಂದು ಸದ್ದು ಬೇಕಿತ್ತೇ? ಕಾಲೇಜು ಹುಡುಗರು ಮಾತ್ರ ಗುಡುಗುಡಿಯ ಪದಕ್ಕೆ ಎದ್ದು ಕುಣಿದರು.

ನನ್ನ ಮನಸ್ಸು ನಿಂತಿದ್ದು ಸೋರುವ ಮಾಳಿಗೆಯ ಪದದಲ್ಲಿ. ಮನೆ ಎಂದರೆ ಇಲ್ಲಿ ಈ ದೇಹ, ಕತ್ತಲೆಂದರೆ ಅಜ್ಞಾನ. ಅದನ್ನು ಕೂತು, ಕಿವಿಗೊಟ್ಟು ಕೇಳಬೇಕು. ಆದರೂ ರಘು ದೀಕ್ಷಿತ್ ಹಾಡಿದ ಮೇಲೆ, 1889ರಲ್ಲಿ ತೀರಿಕೊಂಡ ಕವಿಯ ಮಾತನ್ನು ಕನ್ನಡ ಬಾರದವರೂ ಅರ್ಥ ಕೇಳಿ ತಿಳಿಯುವಂತಾದದ್ದು ಸಣ್ಣ ಸಂಗತಿಯಲ್ಲ. ಅಶ್ವತ್ಥರ ಧಾಟಿಯೇ ನನಗೆ ಇಂದಿಗೂ ಹತ್ತಿರ. ನೀವು ಎರಡನ್ನೂ ಒಂದರ ಹಿಂದೊಂದು ಕೇಳಿ, ನಿಮಗೆ ಯಾವುದು ತಟ್ಟಿತು ಹೇಳಿ.