ಹೊಸ ಕೋಳಿ ತಂದಿರಾ? ಸ್ವಲ್ಪ ತಾಳಿ!

ಸಂತೆಯಿಂದ ತಂದ ಹುಂಜವನ್ನು ಅಂದೇ ಸಂಜೆ ಹಳೆಯ ಕೋಳಿಗಳ ಗೂಡಿಗೆ ಬಿಟ್ಟೆ. ವಾರದೊಳಗೆ ತೂಕಡಿಕೆ, ಹಸಿರು ಹಿಕ್ಕೆ, ಕತ್ತು ತಿರುಚುವುದು. ಒಂಬತ್ತರಲ್ಲಿ ಉಳಿದದ್ದು ಒಂದೇ ಹೇಂಟೆ. ಪಶುವೈದ್ಯರು ಕೊಕ್ಕರೆ ರೋಗ ಅಂದ್ರು. ಬಂದ ಮೇಲೆ ಅದಕ್ಕೆ ಮದ್ದಿಲ್ಲ ಗೆಳತಿಯರೇ, ತಡೆಯುವುದೊಂದೇ ದಾರಿ.

ಹೊಸ ಕೋಳಿಯನ್ನು ಮೂರು ವಾರ ದೂರ ಇಡಿ. ಅದಕ್ಕೆ ಕಾಳು-ನೀರು ಕೊನೆಗೆ ಕೊಡಿ. ಮರಿಗಳಿಗೆ ಮೊದಲ ವಾರವೇ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು ಹಾಕಿಸಿ. ಸತ್ತದ್ದನ್ನು ತಿಪ್ಪೆಗೆಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಒಟ್ಟಿಗೆ ಹಲವು ಸತ್ತರೆ ಮಾತ್ರ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. 2020ರಲ್ಲಿ ಮೈಸೂರಿಗೆ ಹಕ್ಕಿಜ್ವರ ಬಂದದ್ದು ನೆನಪಿದೆಯಲ್ಲ? ಗೂಡು ಮುಟ್ಟಿದ ಕೈ ಸೋಪಿನಿಂದ ತೊಳೆದೇ ಒಲೆ ಮುಂದೆ ಬನ್ನಿ.

ಉಳಿದ ಹೇಂಟೆ ಈಗ ಕಾವಿಗೆ ಕೂತಿದೆ. ಈ ಸಲ ಲಸಿಕೆ ತಪ್ಪಿಸೋಲ್ಲ.