ಒಂದು ಜೊತೆ ಗ್ಲೌಸು, ಮೂವರು ಓಟಗಾರರು

ಆ ಫೋಟೊವನ್ನು ನೀವು ನೋಡಿಯೇ ಇರುತ್ತೀರಿ. ಮೆಕ್ಸಿಕೊ ಸಿಟಿ, 1968ರ ಅಕ್ಟೋಬರ್ 16, ಒಲಿಂಪಿಕ್ಸ್‌ನ ಪದಕ ವೇದಿಕೆ. ಅಮೆರಿಕದ ರಾಷ್ಟ್ರಗೀತೆ ಮೊಳಗುತ್ತಿದೆ. ಇಬ್ಬರು ಕಪ್ಪು ಓಟಗಾರರು ತಲೆ ತಗ್ಗಿಸಿ, ಕಪ್ಪು ಗ್ಲೌಸು ತೊಟ್ಟ ಮುಷ್ಟಿಯನ್ನು ಆಕಾಶಕ್ಕೆ ಎತ್ತಿ ನಿಂತಿದ್ದಾರೆ. ಈಗ ಇನ್ನೊಮ್ಮೆ ನೋಡಿ, ಈ ಸಲ ಕೈಗಳನ್ನು ಮಾತ್ರ ನೋಡಿ. ಚಿನ್ನ ಗೆದ್ದ ಟಾಮಿ ಸ್ಮಿತ್ ಎತ್ತಿರುವುದು ಬಲಗೈ. ಕಂಚು ಗೆದ್ದ ಜಾನ್ ಕಾರ್ಲೋಸ್ ಎತ್ತಿರುವುದು ಎಡಗೈ! ಯಾಕೆ?

ಯಾಕೆಂದರೆ ಅಲ್ಲಿ ಇದ್ದದ್ದೇ ಒಂದು ಜೊತೆ ಗ್ಲೌಸು. ಕಾರ್ಲೋಸ್ ತಮ್ಮದನ್ನು ಕ್ರೀಡಾಗ್ರಾಮದಲ್ಲಿ ಮರೆತು ಬಂದಿದ್ದರು. ಇನ್ನೇನು ವೇದಿಕೆಗೆ ಕರೆಯುವ ಹೊತ್ತು. ಸ್ಮಿತ್ ಬಳಿ ಇರುವ ಜೊತೆಯನ್ನೇ ಒಬ್ಬರಿಗೊಂದರಂತೆ ಹಾಕಿಕೊಳ್ಳಿ ಎಂದು ಉಪಾಯ ಹೇಳಿದ್ದು ಯಾರು ಗೊತ್ತೆ? ಅದೇ ಚಿತ್ರದಲ್ಲಿ ಎರಡೂ ಕೈ ಇಳಿಬಿಟ್ಟು, ನೆಟ್ಟ ನೋಟದಿಂದ ನಿಂತಿರುವ ಬಿಳಿಯ, ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್! ಈ ಇಬ್ಬರ ಪ್ರತಿಭಟನೆಗೂ ತನಗೂ ಸಂಬಂಧವೇ ಇಲ್ಲವೇನೋ ಎಂಬಂತೆ ನಿಂತಿರುವ ಆ ಮನುಷ್ಯ.

ಸಂಬಂಧವಿತ್ತು. ಅವರ ಎದೆಯ ಎಡಭಾಗ ನೋಡಿ. ಸ್ಮಿತ್ ಮತ್ತು ಕಾರ್ಲೋಸ್ ಅಂಗಿಯ ಮೇಲಿರುವ ದುಂಡನೆಯ ಬ್ಯಾಡ್ಜೇ ನಾರ್ಮನ್ ಅಂಗಿಯ ಮೇಲೂ ಇದೆ. ಅದು 'ಮಾನವ ಹಕ್ಕುಗಳಿಗಾಗಿ ಒಲಿಂಪಿಕ್ ಯೋಜನೆ' ಎಂಬ ಚಳವಳಿಯ ಬ್ಯಾಡ್ಜು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಹ್ಯಾರಿ ಎಡ್ವರ್ಡ್ಸ್ ಕಟ್ಟಿದ ಚಳವಳಿ ಅದು. ಸ್ಮಿತ್, ಕಾರ್ಲೋಸ್ ಇಬ್ಬರೂ ಅದೇ ಕಾಲೇಜಿನ ಹುಡುಗರು. ನನಗೂ ಒಂದು ಬ್ಯಾಡ್ಜು ಬೇಕು ಎಂದು ನಾರ್ಮನ್ ಕೇಳಿದಾಗ ತನ್ನ ಎದೆಯ ಮೇಲಿದ್ದದ್ದನ್ನೇ ಬಿಚ್ಚಿ ಕೊಟ್ಟವರು ಅಮೆರಿಕದ ದೋಣಿ ತಂಡದ ಬಿಳಿಯ ಆಟಗಾರ ಪಾಲ್ ಹಾಫ್‌ಮನ್. ಕೊಟ್ಟ ತಪ್ಪಿಗೆ ಅವರೂ ತಮ್ಮ ದೇಶದ ಒಲಿಂಪಿಕ್ ಸಮಿತಿಯ ಮುಂದೆ ವಿಚಾರಣೆಗೆ ನಿಲ್ಲಬೇಕಾಯಿತು. ಒಂದು ಬ್ಯಾಡ್ಜಿಗೆ!

ಚಿತ್ರವನ್ನು ಇನ್ನೂ ನೋಡುತ್ತ ಹೋಗಿ. ಸ್ಮಿತ್, ಕಾರ್ಲೋಸ್ ಇಬ್ಬರ ಕಾಲಲ್ಲೂ ಬೂಟಿಲ್ಲ, ಬರೀ ಕಪ್ಪು ಕಾಲುಚೀಲ. ಅದು ಕಪ್ಪು ಜನರ ಬಡತನದ ಗುರುತು. ಸ್ಮಿತ್ ಕೊರಳಲ್ಲಿ ಕಪ್ಪು ಸ್ಕಾರ್ಫು. ಕಾರ್ಲೋಸ್ ಕೊರಳಲ್ಲಿ ಮಣಿಸರ. ಗುಂಪುಗಳು ನೇಣಿಗೇರಿಸಿ ಕೊಂದವರ ನೆನಪಿಗೆ, ಗುಲಾಮರ ಹಡಗಿನಿಂದ ಕಡಲಿಗೆ ಎಸೆಯಲ್ಪಟ್ಟವರ ನೆನಪಿಗೆ. ಕಾರ್ಲೋಸ್ ಜಾಕೆಟ್ಟಿನ ಜಿಪ್ ಹಾಕಿಲ್ಲ. ಶಿಸ್ತಿನ ಒಲಿಂಪಿಕ್ ವೇದಿಕೆಯಲ್ಲಿ ಇದು ಮರೆವಲ್ಲ, ಮೈಮುರಿದು ದುಡಿಯುವ ಕೂಲಿಕಾರರಿಗೆ ಸಲ್ಲಿಸಿದ ಗೌರವ. ಒಂದು ಅಂಗುಲವೂ ವ್ಯರ್ಥವಾಗಿಲ್ಲ! ಭಾಷಣವಿಲ್ಲ, ಫಲಕವಿಲ್ಲ, ಘೋಷಣೆಯಿಲ್ಲ. ಮೈಯನ್ನೇ ಪತ್ರದಂತೆ ಬರೆದು ಜಗತ್ತಿನ ಮುಂದೆ ಹಿಡಿದಿದ್ದಾರೆ.

ಅದಕ್ಕೂ ಮುಂಚಿನ ಓಟವನ್ನು ಮರೆಯುವ ಹಾಗಿಲ್ಲ. ಸೆಮಿಫೈನಲ್ ಮುಗಿಯುವಾಗ ತೊಡೆಸಂದಿಗೆ ಪೆಟ್ಟಾಗಿದ್ದ ಸ್ಮಿತ್, ಫೈನಲ್‌ನಲ್ಲಿ ಗೆರೆ ಮುಟ್ಟುವ ಮೊದಲೇ ಎರಡೂ ಕೈ ಮೇಲೆತ್ತಿ, 200 ಮೀಟರನ್ನು 19.83 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಆ ದಾಖಲೆ 1979ರವರೆಗೆ ಅಲುಗಲಿಲ್ಲ. ಹಿಂದಿನಿಂದ ನುಗ್ಗಿಬಂದ ನಾರ್ಮನ್ ಕೊನೆಯ ಹೆಜ್ಜೆಗಳಲ್ಲಿ ಕಾರ್ಲೋಸ್‌ರನ್ನು ದಾಟಿದರು: 20.06 ಸೆಕೆಂಡು. ಕಾರ್ಲೋಸ್ 20.10. ಜಗತ್ತಿನ ಅತಿ ವೇಗದ ಮೂವರು ಒಂದೇ ವೇದಿಕೆಯಲ್ಲಿ, ಒಂದೇ ಬ್ಯಾಡ್ಜು ಧರಿಸಿ!

ಮತ್ತು ಪ್ರೇಕ್ಷಕರು? ಮೊದಲು ಕ್ರೀಡಾಂಗಣದಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ ಕವಿಯಿತು ಎಂದು ಕಾರ್ಲೋಸ್ ನೆನೆದಿದ್ದಾರೆ. ಆಮೇಲೆ ಅಮೆರಿಕದ ಪ್ರೇಕ್ಷಕರು ರಾಷ್ಟ್ರಗೀತೆಯನ್ನು ಗಂಟಲು ಹರಿಯುವಂತೆ ಕೂಗತೊಡಗಿದರಂತೆ. ಇದನ್ನು ಓದಿ ನಾನು ಬೆರಗಾದೆ. ಹಾಡು ಒಂದೇ. ಕೆಳಗೆ ನಿಂತವರು ಆ ಹಾಡು ಕೊಟ್ಟ ಮಾತನ್ನು ಉಳಿಸಿಕೊಳ್ಳಿ ಎಂದು ಮೌನವಾಗಿ ಕೇಳುತ್ತಿದ್ದಾರೆ. ಮೇಲೆ ಕುಳಿತವರು ಅದೇ ಹಾಡನ್ನು ಅವರ ಮೇಲೆ ಎಸೆಯುತ್ತಿದ್ದಾರೆ. ಮೂವರೂ ವೇದಿಕೆಯಿಂದ ಇಳಿದು ಹೊರಡುವಾಗ ಧಿಕ್ಕಾರದ ಹುಯಿಲು ಎದ್ದಿತು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಕೆಂಡವಾದರು. ಇಬ್ಬರನ್ನೂ ಕಳಿಸದಿದ್ದರೆ ಅಮೆರಿಕದ ಅಥ್ಲೆಟಿಕ್ಸ್ ತಂಡವನ್ನೇ ಹೊರಹಾಕುವ ಬೆದರಿಕೆ ಬಂತು. ಸ್ಮಿತ್, ಕಾರ್ಲೋಸ್ ಕ್ರೀಡಾಗ್ರಾಮ ಬಿಟ್ಟು ಹೋಗಬೇಕಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಆಟಗಾರರು ವೇದಿಕೆಯ ಮೇಲೆ ನಾಜಿ ಸೆಲ್ಯೂಟ್ ಹೊಡೆದಾಗ ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದವರು ಇದೇ ಬ್ರಂಡೇಜ್. ಆಗ ಅವರು ತಕರಾರು ತೆಗೆಯಲಿಲ್ಲ. ಮನೆಗೆ ಮರಳಿದ ಓಟಗಾರರಿಬ್ಬರಿಗೂ ಕೊಲೆ ಬೆದರಿಕೆಗಳು ಕಾದಿದ್ದವು.

ಇಷ್ಟನ್ನು ಅನೇಕರು ಬಲ್ಲರು. ಆದರೆ ಅದೇ ಊರಿನಲ್ಲಿ, ಅದೇ ಒಲಿಂಪಿಕ್ಸ್‌ನಲ್ಲಿ, ರಾಷ್ಟ್ರಗೀತೆಯ ಹೊತ್ತಿಗೆ ಇನ್ನೊಂದು ಪ್ರತಿಭಟನೆ ನಡೆಯಿತು. ಅದನ್ನು ಕಂಡುಕೊಂಡಾಗ ನನಗೆ ರೋಮಾಂಚನವಾಯಿತು!

ವೇರಾ ಚಾಸ್ಲಾವ್‌ಸ್ಕಾ, ಜೆಕೊಸ್ಲೊವಾಕಿಯಾದ ಜಿಮ್ನಾಸ್ಟಿಕ್ಸ್ ರಾಣಿ. 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಅವರ ದೇಶಕ್ಕೆ ನುಗ್ಗಿದವು. ಸುಧಾರಣೆ ಬೇಕೆಂಬ ಪ್ರಣಾಳಿಕೆಗೆ ಸಹಿ ಹಾಕಿದ್ದ ವೇರಾ ಬಂಧನದ ಭಯದಿಂದ ಬೆಟ್ಟದ ಕಾಡಿಗೆ ಹೋಗಿ ಅಡಗಿದರು. ಒಲಿಂಪಿಕ್ಸ್‌ಗೆ ಉಳಿದಿದ್ದದ್ದು ಕೆಲವೇ ವಾರ. ಅಲ್ಲಿ ಬಾರ್ ಇಲ್ಲ, ಬೀಮ್ ಇಲ್ಲ, ಕೋಚ್ ಇಲ್ಲ. ಮರದ ಕೊಂಬೆಗೆ ಜೋತುಬಿದ್ದು ಅಭ್ಯಾಸ ಮಾಡಿದರು. ಆಲೂಗಡ್ಡೆ ಮೂಟೆ ಎತ್ತಿದರು. ಕೈಯ ಚರ್ಮ ಮೆತ್ತಗಾಗಬಾರದೆಂದು ಕಲ್ಲಿದ್ದಲು ಮೊಗೆದರು! ಹಾಗೆ ಸಿದ್ಧರಾದ ಹೆಣ್ಣುಮಗಳು ಮೆಕ್ಸಿಕೊದಲ್ಲಿ ನಾಲ್ಕು ಚಿನ್ನ, ಎರಡು ಬೆಳ್ಳಿ ಗೆದ್ದರು.

ನೆಲದ ಮೇಲಿನ ಪ್ರದರ್ಶನಕ್ಕೆ ಅವರು ಆರಿಸಿಕೊಂಡದ್ದು ಮೆಕ್ಸಿಕೊದ ಜನಪ್ರಿಯ ನೃತ್ಯದ ಧಾಟಿ. ಪ್ರೇಕ್ಷಕರು ಹುಚ್ಚೆದ್ದು ಹೋದರು. ಆದರೆ ತೀರ್ಪುಗಾರರ ಅಂಕಗಳು ಬದಲಾಗಿ, ಆ ಚಿನ್ನವನ್ನು ಸೋವಿಯತ್ ಆಟಗಾರ್ತಿಯೊಂದಿಗೆ ಹಂಚಿಕೊಳ್ಳಬೇಕಾಯಿತು. ಬೀಮ್‌ನಲ್ಲಿ ಇನ್ನೊಬ್ಬ ಸೋವಿಯತ್ ಆಟಗಾರ್ತಿಗೆ ಚಿನ್ನ, ವೇರಾಗೆ ಬೆಳ್ಳಿ. ಸೋವಿಯತ್ ರಾಷ್ಟ್ರಗೀತೆ ಶುರುವಾಯಿತು. ವೇರಾ ಏನು ಮಾಡಿದರು? ಕತ್ತನ್ನು ಬಲಕ್ಕೆ ಹೊರಳಿಸಿ ತಲೆ ತಗ್ಗಿಸಿದರು. ಅಷ್ಟೇ! ಮುಷ್ಟಿ ಇಲ್ಲ, ಗ್ಲೌಸಿಲ್ಲ. ಒಂದು ಕತ್ತು ಕೆಲವು ಅಂಗುಲ ತಿರುಗಿತು, ಜಗತ್ತಿಗೆ ಎಲ್ಲವೂ ತಿಳಿಯಿತು.

ಇಲ್ಲಿ ಹುಯಿಲು ಏಳಲಿಲ್ಲ. ಮೆಕ್ಸಿಕೊದ ಜನ ಅವರನ್ನು ಹೊತ್ತು ಮೆರೆಸಿದರು. ಕೂಟ ಮುಗಿಯುವ ಮುನ್ನ ಅದೇ ಊರಿನಲ್ಲಿ, ತಮ್ಮ ದೇಶದ ಓಟಗಾರ ಜೋಸೆಫ್ ಒಡ್ಲೋಜಿಲ್‌ರನ್ನು ವೇರಾ ಮದುವೆಯಾದಾಗ ನೋಡಲು ಬೀದಿಗಟ್ಟಲೆ ಜನ ನೆರೆದಿತ್ತು. ಶಿಕ್ಷೆ ಕಾದಿದ್ದದ್ದು ತವರಿನಲ್ಲಿ. ವರ್ಷಗಟ್ಟಲೆ ಕೆಲಸಕ್ಕೂ ತಡೆ, ಪ್ರಯಾಣಕ್ಕೂ ತಡೆ. 1989ರಲ್ಲಿ ಆ ಆಡಳಿತ ಉರುಳಿದ ಮೇಲೆ ಅವರು ಅಧ್ಯಕ್ಷ ಹಾವೆಲ್‌ರ ಸಲಹೆಗಾರರಾದರು, ದೇಶದ ಒಲಿಂಪಿಕ್ ಸಮಿತಿಯ ಅಧ್ಯಕ್ಷರೂ ಆದರು.

ಎರಡು ಪ್ರತಿಭಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬೇರೆಯವರ ರಾಷ್ಟ್ರಗೀತೆಯ ಎದುರು ತಲೆ ತಿರುಗಿಸಿದವರು ವೀರವನಿತೆ. ತಮ್ಮದೇ ರಾಷ್ಟ್ರಗೀತೆಯ ಎದುರು ತಲೆ ತಗ್ಗಿಸಿದವರು ದ್ರೋಹಿಗಳು! ವೇರಾ ಅವರ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಎರಡನೆಯದು ಇನ್ನೂ ಕಷ್ಟದ್ದು. ವೈರಿಯ ಹಾಡನ್ನು ಒಲ್ಲೆ ಎಂದಾಗ ನಿಮ್ಮವರು ನಿಮ್ಮ ಬೆನ್ನಿಗಿರುತ್ತಾರೆ. ನಿಮ್ಮ ಹಾಡಿನ ಎದುರು ನಿಂತು ಪ್ರಶ್ನೆ ಕೇಳಿದಾಗ, ನಿನ್ನೆ ಚಪ್ಪಾಳೆ ತಟ್ಟಿದ ಕೈಗಳೇ ನಿಮ್ಮತ್ತ ಬೆರಳು ತೋರುತ್ತವೆ.

ಇನ್ನೊಂದು ಕಾಕತಾಳೀಯ ಕೇಳಿ. ವೇರಾ ಪ್ರಾಗ್‌ನಲ್ಲಿ ಕಣ್ಣು ಮುಚ್ಚಿದ್ದು 2016ರ ಆಗಸ್ಟ್ 30ರಂದು. ಎರಡೇ ದಿನ ಕಳೆದು, ಸೆಪ್ಟೆಂಬರ್ 1ರಂದು, ಸ್ಯಾನ್ ಡಿಯಾಗೊದಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕ್ಯಾಪರ್‌ನಿಕ್ ರಾಷ್ಟ್ರಗೀತೆಯ ಹೊತ್ತಿಗೆ ಮೊದಲ ಬಾರಿ ಒಂದು ಮಂಡಿಯೂರಿದರು. ಕಪ್ಪು ಜನರ ಮೇಲಿನ ಪೊಲೀಸ್ ಹಿಂಸೆಯ ವಿರುದ್ಧ ಅವರ ಪ್ರತಿಭಟನೆ. ಹಿಂದಿನ ಪಂದ್ಯಗಳಲ್ಲಿ ಅವರು ಬೆಂಚಿನ ಮೇಲೆ ಕುಳಿತೇ ಇದ್ದರು. ಕೂರುವ ಬದಲು ಮಂಡಿಯೂರು, ಸೈನಿಕರು ಮಡಿದ ಗೆಳೆಯನ ಸಮಾಧಿಯ ಮುಂದೆ ಮಾಡುವುದು ಹಾಗೆಯೇ ಎಂದು ಹೇಳಿಕೊಟ್ಟವರು ಯಾರು? ಮಾಜಿ ಸೈನಿಕ ನೇಟ್ ಬಾಯರ್! ಸೈನ್ಯಕ್ಕೆ ಅವಮಾನ ಎಂದು ಲಕ್ಷಾಂತರ ಜನ ಸಿಡಿದೆದ್ದ ಆ ಭಂಗಿ ಬಂದದ್ದೇ ಸೈನಿಕನ ಸಲಹೆಯಿಂದ.

ಅಭಿಮಾನಿಗಳು ಎರಡು ಪಾಲಾದರು. ಒಂದು ಕಡೆ ಕ್ಯಾಪರ್‌ನಿಕ್ ಹೆಸರಿನ ಜೆರ್ಸಿಗೆ ಬೆಂಕಿ ಇಟ್ಟು ವಿಡಿಯೊ ಹಾಕಿದರು. ಇನ್ನೊಂದು ಕಡೆ ಅದೇ ಜೆರ್ಸಿ ಲೀಗಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು! ಅದೇ ಸೆಪ್ಟೆಂಬರ್‌ನಲ್ಲಿ ಸ್ಮಿತ್, ಕಾರ್ಲೋಸ್ ಇಬ್ಬರನ್ನೂ ಅಧ್ಯಕ್ಷ ಒಬಾಮಾ ಶ್ವೇತಭವನದಲ್ಲಿ ಬರಮಾಡಿಕೊಂಡರು. ಹಳೆಯ ಪ್ರತಿಭಟನೆಗೆ ಸನ್ಮಾನ, ಹೊಸದಕ್ಕೆ ಧಿಕ್ಕಾರ, ಒಂದೇ ತಿಂಗಳಲ್ಲಿ. ಆ ಋತು ಮುಗಿದ ಮೇಲೆ ಕ್ಯಾಪರ್‌ನಿಕ್‌ರನ್ನು ಯಾವ ತಂಡವೂ ಆಡಿಸಲಿಲ್ಲ. ಆದರೆ ಆ ಮಂಡಿ ಖಂಡಗಳನ್ನು ದಾಟಿತು. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಪಾಕಿಸ್ತಾನದ ವಿರುದ್ಧದ ಟಿ20 ವಿಶ್ವಕಪ್ ಪಂದ್ಯ ಶುರುವಾಗುವ ಮುನ್ನ ರೋಹಿತ್ ಶರ್ಮಾ ಜೊತೆ ಪಿಚ್ಚಿನ ಬಳಿ ಮಂಡಿಯೂರಿದವರು ನಮ್ಮ ಕೆ.ಎಲ್. ರಾಹುಲ್.

ಪ್ರೇಕ್ಷಕರೇ ರಾಷ್ಟ್ರಗೀತೆಗೆ ಧಿಕ್ಕಾರ ಕೂಗಿದ್ದೂ ಉಂಟು. 2022ರ ನವೆಂಬರ್ 21, ಕತಾರ್ ಫುಟ್‌ಬಾಲ್ ವಿಶ್ವಕಪ್, ಇರಾನ್ ಮತ್ತು ಇಂಗ್ಲೆಂಡ್ ಪಂದ್ಯ. ಪೊಲೀಸ್ ವಶದಲ್ಲಿದ್ದ ಯುವತಿ ಮಹ್ಸಾ ಅಮೀನಿ ಸಾವಿನ ನಂತರ ಇರಾನ್ ಹೊತ್ತಿ ಉರಿಯುತ್ತಿತ್ತು. ಹನ್ನೊಂದು ಮಂದಿ ಆಟಗಾರರು ತುಟಿ ಬಿಚ್ಚದೆ ನಿಂತರು. ಇರಾನಿನದೇ ಪ್ರೇಕ್ಷಕರಲ್ಲಿ ಕೆಲವರು ತಮ್ಮ ಗೀತೆಗೇ ಹುಯಿಲೆಬ್ಬಿಸಿದರು, ಕೆಲವರು ಅತ್ತರು. ನಾಲ್ಕು ದಿನ ಕಳೆದು ವೇಲ್ಸ್ ಎದುರು ಆಟಗಾರರು ಒಲ್ಲದ ಮನಸ್ಸಿನಿಂದ ಹಾಡಿದಾಗ ಮತ್ತೆ ಹುಯಿಲು. ಹಾಡದಿದ್ದರೆ ಸರ್ಕಾರದ ಸಿಟ್ಟು, ಹಾಡಿದರೆ ಜನರ ಸಿಟ್ಟು! ಆ ಹುಡುಗರ ಮುಖಗಳನ್ನು ಮರೆಯಲು ನನ್ನಿಂದ ಆಗಿಲ್ಲ.

ಮತ್ತೆ ನಾರ್ಮನ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇವರೆಲ್ಲರಲ್ಲಿ ನನ್ನನ್ನು ಹೆಚ್ಚು ಕಾಡುವವರು ಅವರು. ಆ ನೋವು ಅವರದಾಗಿರಲಿಲ್ಲ, ಆ ರಾಷ್ಟ್ರಗೀತೆಯೂ ಅವರದಲ್ಲ. ಸುಮ್ಮನೆ ಬೆಳ್ಳಿ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಅರ್ಹತೆಯ ಸಮಯವನ್ನು ಮತ್ತೆ ಮತ್ತೆ ಓಡಿ ತೋರಿಸಿದರೂ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಆಸ್ಟ್ರೇಲಿಯಾ ಅವರನ್ನು ಕಳಿಸಲಿಲ್ಲ. 2006ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ಮೆಲ್ಬರ್ನ್‌ಗೆ ಹಾರಿ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಸ್ಮಿತ್ ಮತ್ತು ಕಾರ್ಲೋಸ್! ಆಸ್ಟ್ರೇಲಿಯಾದ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ, ಅವರು ಹೋಗಿ ಆರು ವರ್ಷಗಳಾದ ಮೇಲೆ. ಅವರ 20.06 ಸೆಕೆಂಡಿನ ಓಟ ಮಾತ್ರ ಯಾರ ಕ್ಷಮೆಗೂ ಕಾಯದೆ 56 ವರ್ಷ ಆ ದೇಶದ ದಾಖಲೆಯಾಗಿ ಉಳಿಯಿತು. 2024ರ ಡಿಸೆಂಬರ್‌ನಲ್ಲಿ 20.04 ಸೆಕೆಂಡಿನಲ್ಲಿ ಓಡಿ ಅದನ್ನು ಮುರಿದ ಹುಡುಗ ಗೌಟ್ ಗೌಟ್. 16ರ ಹರೆಯ, ಕಪ್ಪು ಮೈಬಣ್ಣ, ದಕ್ಷಿಣ ಸುಡಾನ್‌ನಿಂದ ವಲಸೆ ಬಂದ ತಂದೆತಾಯಿಯ ಮಗ!

ಸ್ಮಿತ್, ಕಾರ್ಲೋಸ್ ಓದಿದ ಸ್ಯಾನ್ ಹೋಸೆಯ ಸುತ್ತಮುತ್ತ ಸಾವಿರಾರು ಕನ್ನಡ ಕುಟುಂಬಗಳಿವೆ. ಈ ಮಾತು ವಿಶೇಷವಾಗಿ ನಿಮಗೆ. ಊರಿನ ನಡುವೆ ಇರುವ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಅಂಗಳದಲ್ಲಿ, ವಿದ್ಯಾರ್ಥಿಗಳ ಒತ್ತಾಸೆಯಿಂದ 2005ರಲ್ಲಿ ನಿಂತ ಸ್ಮಾರಕವಿದೆ. 20 ಅಡಿಗೂ ಎತ್ತರದ ಸ್ಮಿತ್, ಕಾರ್ಲೋಸ್ ಅಲ್ಲಿ ಮುಷ್ಟಿಯೆತ್ತಿ ನಿಂತಿದ್ದಾರೆ. ಎರಡನೆಯ ಸ್ಥಾನದ ಮೆಟ್ಟಿಲು ಖಾಲಿ. ಅದು ಖಾಲಿ ಇರಲಿ, ಬಂದವರು ಯಾರು ಬೇಕಾದರೂ ಅಲ್ಲಿ ನಿಲ್ಲಲಿ ಎಂದು ಬಯಸಿದವರು ಸ್ವತಃ ನಾರ್ಮನ್. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಮೆಟ್ಟಿಲು ಹತ್ತಿಸಿ, ಈ ಮೂವರ ಕತೆ ಹೇಳಿ.