ಮಡಕೆ ಇದ್ದರೆ ಕುಂಬಾರ ಇರಲೇಬೇಕೆ?

ಹತ್ತನೆಯ ತರಗತಿಗೆ ಮಾನವನ ಕಣ್ಣಿನ ಪಾಠ ಮಾಡುವಾಗ ಪ್ರತಿವರ್ಷವೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕಾರ್ನಿಯಾ, ಮಸೂರ, ಅಕ್ಷಿಪಟಲ ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ಸಾರ್, ಇಷ್ಟು ಅಚ್ಚುಕಟ್ಟಾದ ಕಣ್ಣು ತಾನಾಗೇ ಆಯ್ತಾ, ದೇವರು ಮಾಡಿದ್ದಾ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕಗಳಿಲ್ಲ. ಹಾಗಾಗಿ ಬಹಳ ವರ್ಷ ನಾನು "ಮುಂದಿನ ಪಾಠದಲ್ಲಿ ನೋಡೋಣ" ಎಂದು ಜಾರಿಕೊಳ್ಳುತ್ತಿದ್ದೆ. ಮುಂದಿನ ಪಾಠ ವಿದ್ಯುಚ್ಛಕ್ತಿ!

ಕಳೆದ ಗಣೇಶನ ಹಬ್ಬಕ್ಕೆ ಎರಡು ದಿನ ಮುಂಚೆ ಹೀಗೆ ಜಾರಿಕೊಳ್ಳಲು ಆಗಲಿಲ್ಲ. ಈಗ ಪಿಯುಸಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಅವನ ತಂದೆ ಮನೆಗೇ ಬಂದರು.

"ಮೇಷ್ಟ್ರೇ, ಇವನಿಗೆ ನೀವೇ ಬುದ್ಧಿ ಹೇಳ್ಬೇಕು. ದೇವರಿಲ್ಲ ಅಂತಾನೆ, ಪೂಜೆಗೆ ಕೂರಲ್ಲ ಅಂತಾನೆ. ಕೇಳಿದ್ರೆ ಡಾರ್ವಿನ್ನು, ನಿಮ್ಮ ಪಾಠ ಅಂತಾನೆ."

"ಇದ್ದಾನೆ ಅಂತ ರುಜುವಾತು ಮಾಡಿ, ಕೂರ್ತೀನಿ ಅಂದಿದೀನಿ ಸಾರ್, ಅಷ್ಟೇ" ಎಂದ ಹುಡುಗ.

"ನೋಡಿ, ಕೈಲಿರೋ ಗಡಿಯಾರಾನೇ ಯಾರೋ ಒಬ್ಬ ಮಾಡಿದಾನೆ. ಇಷ್ಟು ದೊಡ್ಡ ಲೋಕಾನ ಯಾರೂ ಮಾಡಿಲ್ವಾ?"

ಆ ತಂದೆ ತತ್ತ್ವಶಾಸ್ತ್ರ ಓದಿದವರಲ್ಲ. ಆದರೆ 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಮುಂದಿಟ್ಟದ್ದೂ ಇದೇ ಗಡಿಯಾರದ ವಾದವನ್ನು. ಅವನಿಗೂ ಎಂಟು ನೂರು ವರ್ಷ ಹಿಂದೆ ಮಿಥಿಲೆಯ ಉದಯನಾಚಾರ್ಯರು ತಮ್ಮ 'ನ್ಯಾಯಕುಸುಮಾಂಜಲಿ'ಯಲ್ಲಿ ಇದನ್ನು ತರ್ಕದ ಒರೆಗೆ ಹಚ್ಚಿದ್ದರು. ಮಡಕೆ ಒಂದು ಕಾರ್ಯ, ಅದಕ್ಕೆ ಕುಂಬಾರನೆಂಬ ಕರ್ತೃ ಇದ್ದಾನೆ. ಭೂಮಿಯೂ ಕಾರ್ಯವೇ, ಆದ್ದರಿಂದ ಅದಕ್ಕೂ ಬುದ್ಧಿಯುಳ್ಳ ಕರ್ತೃ ಇರಲೇಬೇಕು. ಬೌದ್ಧರನ್ನು ಎದುರಿಸಿ ವಾದಿಸಿದ ಈ ಉದಯನರ ಬಗ್ಗೆ ಒಂದು ಸೊಗಸಾದ ಕತೆಯಿದೆ. ಪುರಿಗೆ ಹೋದಾಗ ಜಗನ್ನಾಥನ ಗುಡಿಯ ಬಾಗಿಲು ಮುಚ್ಚಿತ್ತಂತೆ. ಸಿಟ್ಟಾದ ಉದಯನರು, ಈಗ ಬೀಗುತ್ತಿದ್ದೀಯೆ, ಬೌದ್ಧರು ಬಂದಾಗ ನಿನ್ನ ಅಸ್ತಿತ್ವ ನನ್ನ ಕೈಯಲ್ಲೇ ಇರುವುದು ಎಂದು ದೇವರನ್ನೇ ಗದರಿದರಂತೆ!

ಮಡಕೆಯ ವಾದವನ್ನು ಒಡೆದವರೂ ದೂರದವರಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಪಂಪನ ಕನ್ನಡ 'ಆದಿಪುರಾಣ'ಕ್ಕೆ ಅದೇ ಆಧಾರ. ಅದರಲ್ಲಿ ಅವರು ಕೇಳುವ ಪ್ರಶ್ನೆಗಳು ನಮ್ಮ ಹಿಂದಿನ ಬೆಂಚಿನವರ ಪ್ರಶ್ನೆಗಳಂತೆಯೇ ಇವೆ. ಸೃಷ್ಟಿಗೆ ಮೊದಲು ದೇವರು ಎಲ್ಲಿದ್ದ? ಕಚ್ಚಾವಸ್ತು ಎಲ್ಲಿಂದ ಬಂತು? ಅದನ್ನೂ ಅವನೇ ಮಾಡಿದನೆಂದರೆ ಯಾವುದರಿಂದ ಮಾಡಿದ? ಅದು ತಾನಾಗಿಯೇ ಇತ್ತೆಂದರೆ ಲೋಕವೂ ತಾನಾಗಿಯೇ ಏಕಿರಬಾರದು? ಎಲ್ಲವೂ ತುಂಬಿರುವವನಿಗೆ ಸೃಷ್ಟಿಸುವ ಆಸೆ ಏಕೆ ಬಂತು? ವೇದಕ್ಕಾಗಿ ಜೀವಮಾನವೆಲ್ಲ ವಾದಿಸಿದ ಮೀಮಾಂಸಕ ಕುಮಾರಿಲ ಭಟ್ಟರೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಪ್ರಶ್ನೆ ಕೇಳಿದ ಮಕ್ಕಳನ್ನು 'ಧರ್ಮ ಬಿಟ್ಟವರು' ಎಂದು ಬೈಯುವ ಹಿರಿಯರು ಇದನ್ನು ಗಮನಿಸಬೇಕು.

ನನಗೆ ಎಲ್ಲಕ್ಕಿಂತ ಅಚ್ಚರಿ ತಂದವರು ರಾಮಾನುಜಾಚಾರ್ಯರು. ಮೇಲುಕೋಟೆಯ ಚೆಲುವನಾರಾಯಣನ ಪರಮಭಕ್ತರು. ಅವರು ದೇವರ ಪರವಾದ ಈ ಅನುಮಾನಪ್ರಮಾಣವನ್ನು ಶ್ರೀಭಾಷ್ಯದಲ್ಲಿ ಬಿಡಿಸಿ ಬಿಡಿಸಿ ಖಂಡಿಸಿದ್ದಾರೆ. ನಾವು ಕಂಡ ಕರ್ತೃಗಳಿಗೆಲ್ಲ ದೇಹವಿದೆ, ಅವರ ಶಕ್ತಿಗೆ ಮಿತಿಯಿದೆ. ಇನ್ನು ದೊಡ್ಡ ಕಟ್ಟಡವನ್ನು ಹಲವರು ಸೇರಿ ಕಟ್ಟುತ್ತಾರೆ. ಹಾಗಾದರೆ ಇದೇ ತರ್ಕದಿಂದ ಲೋಕಕ್ಕೂ ಹಲವು ಕರ್ತೃಗಳೆಂದು ಏಕೆ ಹೇಳಬಾರದು? ದೇವರನ್ನು ಶಾಸ್ತ್ರದಿಂದ ತಿಳಿಯಬೇಕೇ ಹೊರತು ಮಡಕೆಯಿಂದಲ್ಲ ಎಂಬುದು ಅವರ ನಿಲುವು. 1779ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್‌ನ ಸಂವಾದಗ್ರಂಥದಲ್ಲೂ ಮನೆ ಕಟ್ಟಲು ಹಲವರು ಬೇಕಲ್ಲವೇ ಎಂಬ ಇದೇ ಆಕ್ಷೇಪಣೆ ಬರುತ್ತದೆ. ಅವನು ಸಂದೇಹವಾದಿ, ಇವರು ಭಕ್ತಶ್ರೇಷ್ಠರು!

"ರಾಮಾನುಜಾಚಾರ್ಯರೇ ಹಾಗೆ ಹೇಳಿದಾರಾ?" ಎಂದು ತಂದೆ ಎರಡು ಸಲ ಕೇಳಿದರು. ಹುಡುಗನ ಮುಖ ಅರಳಿತು. ಅಷ್ಟಕ್ಕೇ ಬಿಡಬಾರದೆಂದು ನಾನು ಅವನ ಕಡೆ ತಿರುಗಿದೆ.

ಕಣ್ಣಿಗೆ ಶಿಲ್ಪಿ ಬೇಕಿಲ್ಲ ಎಂಬುದನ್ನು 1859ರಲ್ಲಿ ಡಾರ್ವಿನ್ ತೋರಿಸಿದ್ದು ನಿಜ. ಪ್ಲನೇರಿಯಾ ಹುಳುವಿನಲ್ಲಿ ಬೆಳಕಿನ ದಿಕ್ಕನ್ನಷ್ಟೇ ತಿಳಿಯುವ ಸಣ್ಣ ಬಟ್ಟಲಿನಂಥ ಕಣ್ಣು, ನಾಟಿಲಸ್ ಎಂಬ ಸಮುದ್ರಜೀವಿಗೆ ಮಸೂರವೇ ಇಲ್ಲದ ಸೂಜಿರಂಧ್ರದ ಕಣ್ಣು, ಮೀನಿಗೆ ಮಸೂರ. ಒಂದೊಂದು ಮೆಟ್ಟಿಲೂ ಅದನ್ನು ಪಡೆದ ಜೀವಿಗೆ ಉಪಯುಕ್ತವೇ. ಬೆಳಕು ಗುರುತಿಸುವ ಚಪ್ಪಟೆ ಪದರವೊಂದು ಮೀನಿನಂಥ ಕಣ್ಣಾಗಲು ನಾಲ್ಕು ಲಕ್ಷಕ್ಕಿಂತ ಕಡಿಮೆ ತಲೆಮಾರು ಸಾಕೆಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 1994ರಲ್ಲಿ ಲೆಕ್ಕ ಹಾಕಿದರು. ನಮ್ಮ ಕಣ್ಣಿನಲ್ಲಿ ನರಗಳು ಅಕ್ಷಿಪಟಲದ ಮುಂದೆ ಹಾದು, ಅದನ್ನು ತೂರಿ ಹೊರಹೋಗುವ ಜಾಗದಲ್ಲಿ ಕುರುಡುಚುಕ್ಕೆ ಉಳಿದಿದೆ. ಆಕ್ಟೋಪಸ್‌ಗೆ ಆ ತೊಂದರೆಯಿಲ್ಲ. ಎಂಜಿನಿಯರ್ ಒಬ್ಬ ಹೀಗೆ ನಕ್ಷೆ ಹಾಕಿದ್ದರೆ ಬೈಸಿಕೊಳ್ಳುತ್ತಿದ್ದ.

ಆದರೆ ಇದರಿಂದ ಬಿದ್ದದ್ದು ಒಂದು ವಾದ. ಒಂದು ಸಾಕ್ಷಿ ಸುಳ್ಳಾದರೆ ಮೊಕದ್ದಮೆಯೇ ಸುಳ್ಳಾಗುವುದಿಲ್ಲವಲ್ಲ! ಈ ನಿಯಮಗಳೇ ಏಕಿವೆ, ಏನೂ ಇಲ್ಲದಿರುವ ಬದಲು ಏನಾದರೂ ಏಕಿದೆ ಎಂದು 1714ರಲ್ಲಿ ಲೈಬ್ನಿಟ್ಸ್ ಕೇಳಿದ. ಆ ಪ್ರಶ್ನೆಗೆ ನನ್ನ ಬಿ.ಎಸ್ಸಿ. ಪುಸ್ತಕಗಳಲ್ಲಿ ಉತ್ತರವಿರಲಿಲ್ಲ, ಈಗಿನ ಪುಸ್ತಕಗಳಲ್ಲೂ ಇಲ್ಲ. 'ದೇವರು' ಎಂದರೆ, ಆ ದೇವರು ಏಕಿದ್ದಾನೆ ಎಂಬ ಪ್ರಶ್ನೆ ಉಳಿಯುತ್ತದೆ ಎನ್ನುವುದೂ ನಿಜ.

ಒತ್ತಡದ ಪಾಠದಲ್ಲಿ ಬರುವ ಪಾಸ್ಕಲ್ ಇನ್ನೊಂದು ದಾರಿ ಹಿಡಿದ. ರುಜುವಾತು ಸಿಗದಿದ್ದರೆ ಬೇಡ. ದೇವರಿದ್ದು ನಂಬಿದರೆ ಅಪಾರ ಲಾಭ, ಇಲ್ಲದೆ ನಂಬಿದರೆ ಅಲ್ಪ ನಷ್ಟ, ಆದ್ದರಿಂದ ನಂಬುವುದೇ ಜಾಣತನ ಎಂಬ ಲೆಕ್ಕ ಅವನದು. ಪರೀಕ್ಷೆಯ ಹಿಂದಿನ ದಿನ ಈಡುಗಾಯಿ ಒಡೆಯುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಯಾವ ದೇವರು, ಎಷ್ಟು ಕಾಯಿ ಎಂಬುದನ್ನು ಮಾತ್ರ ಪಾಸ್ಕಲನ ಲೆಕ್ಕ ಹೇಳುವುದಿಲ್ಲ.

ನಗು ಬರುತ್ತದೆಂದುಕೊಂಡೆ. ಹುಡುಗ ನಗಲಿಲ್ಲ. ತಲೆ ತಗ್ಗಿಸಿ, "ಕಣ್ಣಿನ ವಿಷಯ ಅಲ್ಲ ಸಾರ್. ಪುಟ್ಟಿಗೆ ಡೆಂಗಿ ಆದಾಗ ಅಪ್ಪ ದಿನಾ ಬೆಳಗ್ಗೆ ಹೋಗಿ ಅರ್ಚನೆ ಮಾಡಿಸ್ತಿದ್ರು" ಎಂದ.

ಎರಡು ವರ್ಷದ ಹಿಂದೆ ಅವನ ತಂಗಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಮರೆತಿದ್ದೆ.

ದೇವರ ವಿರುದ್ಧದ ವಾದಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಒಳ್ಳೆಯವನೂ ಸರ್ವಶಕ್ತನೂ ಆದವನ ಲೋಕದಲ್ಲಿ ಈ ನೋವೇಕೆ? ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟದ್ದರಿಂದ ಎನ್ನುವ ಉತ್ತರ ಯುದ್ಧಕ್ಕೆ ಸರಿಹೋದೀತು, ಸೊಳ್ಳೆಗೆ ಸರಿಹೋಗದು. ಅವರವರ ಕರ್ಮಕ್ಕೆ ತಕ್ಕಂತೆ ಫಲ, ದೇವರಿಗೆ ಪಕ್ಷಪಾತವಿಲ್ಲ ಎನ್ನುತ್ತದೆ ಬ್ರಹ್ಮಸೂತ್ರ. ತರ್ಕವಾಗಿ ಅದು ಅಚ್ಚುಕಟ್ಟು. ಆದರೆ ಮಗುವನ್ನು ಕಳೆದುಕೊಂಡ ಆ ತಂದೆಯ ಎದುರು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಬದಲಿಗೆ ಡಾರ್ವಿನ್‌ನ ಮನೆಯ ವಿಷಯ ಹೇಳಿದೆ. ಅವನ ಮಗಳು ಆನಿ 1851ರಲ್ಲಿ ತೀರಿಕೊಂಡಳು. ಕಂಬಳಿಹುಳುವನ್ನು ಜೀವಂತವಾಗಿ ಒಳಗಿನಿಂದ ತಿನ್ನುವ ಕಣಜದ ಮರಿಗಳನ್ನು ಕರುಣಾಳು ದೇವರು ಉದ್ದೇಶಪಟ್ಟು ಸೃಷ್ಟಿಸಿದನೆಂದು ನಂಬಲಾರೆ ಎಂದು 1860ರಲ್ಲಿ ಅವನು ಸ್ನೇಹಿತನಿಗೆ ಬರೆದ. ಆದರೂ ನಾಸ್ತಿಕನೆಂದು ಹೇಳಿಕೊಳ್ಳಲಿಲ್ಲ. ಅಜ್ಞೇಯವಾದಿ ಎನ್ನುವುದೇ ಹೆಚ್ಚು ಸರಿ ಎಂದ. ಹೆಂಡತಿ ಎಮ್ಮಾ ಕೊನೆಯವರೆಗೂ ದೈವಭಕ್ತೆ. ಮನೆಯವರು ಭಾನುವಾರ ಚರ್ಚಿಗೆ ಹೋದರೆ ಇವನು ತಿರುಗಾಡಲು ಹೋಗುತ್ತಿದ್ದ. ಅವನ ಸಂದೇಹಗಳಿಂದ ನೊಂದು ಮದುವೆಯಾದ ಹೊಸದರಲ್ಲಿ ಅವಳು ಬರೆದ ಕಾಗದವೊಂದನ್ನು ಡಾರ್ವಿನ್ ಬದುಕಿನುದ್ದಕ್ಕೂ ಇಟ್ಟುಕೊಂಡಿದ್ದ. ಅದಕ್ಕೆ ಮುತ್ತಿಟ್ಟು ಎಷ್ಟೋ ಸಲ ಅತ್ತಿದ್ದೇನೆ ಎಂದು ಅದರ ಕೊನೆಯಲ್ಲಿ ಬರೆದಿದ್ದ. 1882ರಲ್ಲಿ ಅವನು ಸಾಯುವವರೆಗೆ 43 ವರ್ಷ ಇಬ್ಬರೂ ಒಂದೇ ಮನೆಯಲ್ಲಿ ಬಾಳಿದರು.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ಆರಿಹೋಗಿತ್ತು.

"ಆ ಹುಡುಗಿಗೆ ಎಷ್ಟು ವಯಸ್ಸು ಅಂದ್ರಿ?"

"ಹತ್ತು."

"ನಮ್ಮ ಪುಟ್ಟಿಗೆ ಎಂಟು ತುಂಬಿತ್ತು" ಎಂದು ಅವರು ಎದ್ದರು. ಹುಡುಗ ಅಪ್ಪನ ಚೀಲ ಕೈಗೆತ್ತಿಕೊಂಡ. ಗೇಟಿನ ಹತ್ತಿರ ಅವನು ಹೇಳುತ್ತಿದ್ದುದು ನನಗೆ ಕೇಳಿಸಿತು: "ಪೂಜೆಗೆ ಕೂರಲ್ಲ ಅಪ್ಪ. ಗಣೇಶನ್ನ ತರೋಕೆ ಜೊತೆಗೆ ಬರ್ತೀನಿ."